ಸೀತಾಳೆಗೆ ಒಂದು ಮೊಳ ಬೆಳಕು

ಸೀತೆದಂಡಿ. ಅಲ್ಲ, ಸೀತಾಳಿ. ನಮ್ಮ ಕಡೆ ಕಾಡಿನ ಮರಗಳಿಗೆ ಅಂಟಿಕೊಂಡು ಬೆಳೆದು, ವರ್ಷಕ್ಕೊಮ್ಮೆ ಜಡೆಯ ಹಾಗೆ ಹೂಗೊಂಚಲು ಇಳಿಬಿಡುವ ಗಿಡಕ್ಕೆ ಒಂದು ಹೆಸರಿತ್ತು. ಸೀತಾಳೆ ದಂಡೆ ಇರಬೇಕು. ಊರು ಬಿಟ್ಟು ಐವತ್ತು ವರ್ಷವಾಯಿತು. ಹೂವಿನ ಬಣ್ಣ ನೆನಪಿದೆ, ಹೆಸರು ಜಾರುತ್ತದೆ. ಸೀತಾಳೆ ಎಂದೇ ಇಟ್ಟುಕೊಳ್ಳೋಣ.

ಬಹಳ ಉತ್ತರಕ್ಕೆ, ಬೆಟ್ಟಗಳ ನಡುವಿನ ಒಂದು ನದಿಯ ದಂಡೆಯಲ್ಲಿ ಚಿಕ್ಕ ಆಶ್ರಮವಿತ್ತು. ಅಲ್ಲಿ ನೀಲವ್ವ ಎಂಬ ಗುರು ಇದ್ದರು. ಹಳಿಯಾಳದ ಕಡೆಯವರು. ಶಿಷ್ಯರು ಆರು ಮಂದಿ.

ಆ ಕಣಿವೆಯಲ್ಲಿ ಚಳಿಗಾಲ ಬಂದರೆ ಸೂರ್ಯ ಬೆಟ್ಟದ ಹಿಂದೆಯೇ ಹುಟ್ಟಿ ಬೆಟ್ಟದ ಹಿಂದೆಯೇ ಮುಳುಗುತ್ತಿದ್ದ. ನಾಲ್ಕು ತಿಂಗಳು ಅಂಗಳಕ್ಕೆ ದಿನಕ್ಕೊಂದು ಗಂಟೆ ಬಿಸಿಲು ಬಿದ್ದರೆ ಹೆಚ್ಚು.

ಆದರೂ ಆಶ್ರಮದಲ್ಲಿ ಒಂದು ಗಿಡದ ಕೋಣೆ ಇತ್ತು. ದಕ್ಷಿಣದಿಂದ ಬಂದ ಭಕ್ತರು ತಂದುಕೊಟ್ಟ ಗಿಡಗಳು: ವೀಳ್ಯದೆಲೆ ಬಳ್ಳಿ, ಬಣ್ಣದ ಕೆಸು, ಆಂಥೂರಿಯಂ, ಮನಿಪ್ಲಾಂಟ್. ಮತ್ತು ಒಂದು ಮರದ ತುಂಡಿಗೆ ಕಟ್ಟಿದ ಸೀತಾಳೆ. ಅದನ್ನು ನೀಲವ್ವ ತಾವೇ ತಂದಿದ್ದರು.

ಗಿಡಗಳನ್ನು ನೋಡಿಕೊಳ್ಳುವವಳು ರುದ್ರವ್ವ. ಹನ್ನೆರಡು ವರ್ಷದಿಂದ ಶಿಷ್ಯೆ. ಎಲ್ಲರಿಗಿಂತ ಮೊದಲು ಬಂದವಳು.

ಚಳಿಗಾಲದಲ್ಲಿ ಅವಳು ಕುಂಡಗಳನ್ನೆಲ್ಲ ಕಿಟಕಿಗೆ ಒತ್ತಿ ಇಡುತ್ತಿದ್ದಳು. ಪ್ರತಿ ವರ್ಷ ಎರಡು ಮೂರು ಸಾಯುತ್ತಿದ್ದವು. ಸೀತಾಳೆ ಸಾಯಲಿಲ್ಲ, ಆದರೆ ಆರು ವರ್ಷದಿಂದ ಹೂ ಬಿಟ್ಟಿರಲಿಲ್ಲ.

ಒಂದು ಶರತ್ಕಾಲದಲ್ಲಿ ನೀಲವ್ವ ಪೇಟೆಯ ಕಣ್ಣಿನ ವೈದ್ಯರನ್ನು ಕಂಡು ಬಂದರು.

"ಏನಂದ್ರು ಅವ್ವಾ?" ಎಂದು ರುದ್ರವ್ವ ಕೇಳಿದಳು.

"ನರ ಒಣಗಾಕತ್ತೈತಂತ. ಕತ್ತರಿ ಹಾಕಿದರೂ ಉಪಯೋಗ ಇಲ್ಲಂತ. ಒಂದು ವರ್ಷ ಕಂಡೀತು. ಆಮ್ಯಾಲ ಹಗಲು ಯಾವುದು, ಕತ್ತಲು ಯಾವುದು ಅನ್ನೋದಷ್ಟ ತಿಳೀತೈತಿ."

ರುದ್ರವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು.

"ಅಳಬ್ಯಾಡ. ಅಷ್ಟರಾಗ ಒಮ್ಮೆ ಸೀತಾಳಿ ಹೂ ನೋಡಿಬಿಟ್ಟರ ನನಗ ಸಾಕು," ಎಂದರು ನೀಲವ್ವ.

ಅಂದಿನಿಂದ ರುದ್ರವ್ವನಿಗೆ ಅದೊಂದೇ ಧ್ಯಾನ. ಈ ವರ್ಷ ಹೂ ಬಿಡಬೇಕು. ತನ್ನ ಕೈಯಿಂದ ಬಿಡಬೇಕು.

*

ಅದೇ ತಿಂಗಳು ಫಕೀರಪ್ಪ ಬಂದ.

ಅವನು ನಾಟಕ ಕಂಪನಿಯೊಂದರಲ್ಲಿ ಇಪ್ಪತ್ತೈದು ವರ್ಷ ಲೈಟಿನ ಕೆಲಸ ಮಾಡಿದವನು. ಕಂಪನಿ ಮುಚ್ಚಿತು, ಯಾತ್ರೆಗೆ ಹೊರಟ, ಇಲ್ಲಿಗೆ ಬಂದು ನಿಂತುಬಿಟ್ಟ. ದಪ್ಪ ಮೀಸೆ, ದೊಡ್ಡ ದನಿ. ಪಕ್ಕದಲ್ಲಿ ಕುಳಿತವರೊಡನೆಯೂ ಕೊನೆಯ ಸಾಲಿನ ಪ್ರೇಕ್ಷಕರಿಗೆ ಕೇಳಿಸುವಂತೆ ಮಾತಾಡುತ್ತಿದ್ದ.

ಮೊದಲ ದಿನವೇ ಗಿಡದ ಕೋಣೆಗೆ ತಲೆ ಹಾಕಿದ.

ಕಿಟಕಿಯ ಕಡೆಗೆ ಕುತ್ತಿಗೆ ಚಾಚಿ, ಉದ್ದುದ್ದ ಸೊರಗಿ ನಿಂತಿದ್ದ ಗಿಡಗಳನ್ನು ನೋಡಿದ.

"ಅಕ್ಕಾರ, ಏನಿದು? ಮಾತು ಮರೆತ ನಟರಂಗ ಎಲ್ಲಾವೂ ಪ್ರಾಂಪ್ಟರ್ ಕಡೆ ಬಾಗ್ಯಾವಲ್ರೀ!"

ಬಾಗಿಲಲ್ಲಿ ನೀಲವ್ವ ನಿಂತಿದ್ದರು. ಅವರು ನಕ್ಕರು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಹನ್ನೆರಡು ವರ್ಷದಲ್ಲಿ ರುದ್ರವ್ವ ಗುರುವಿಗೆ ಎಷ್ಟೋ ಸಲ ಕಾಲು ಒತ್ತಿದ್ದಳು, ಗಂಜಿ ಕಾಯಿಸಿಕೊಟ್ಟಿದ್ದಳು. ಹೀಗೆ ಒಮ್ಮೆಯೂ ನಗಿಸಿರಲಿಲ್ಲ.

ಅಂದು ಅವಳಿಗೆ ಊಟ ಸೇರಲಿಲ್ಲ.

*

ಮರುದಿನ ನೀಲವ್ವ ಕೇಳಿದರು, "ಫಕೀರಪ್ಪಾ, ಇವಕ್ಕ ಲೈಟು ಹಚ್ಚಿದರ ಬದುಕ್ತಾವೇನು?"

"ಬದುಕ್ತಾವ್ರೀ ಅವ್ವಾರ. ಆದರ ಲೈಟ್ ಆರಿಸಬೇಕಲ್ರೀ, ಸಿಕ್ಕಿದ್ದು ತಂದರ ಆಗೂದಿಲ್ಲ."

ರುದ್ರವ್ವ ಥಟ್ಟನೆ ಅಂದಳು, "ಅವ್ವಾ, ಗಿಡ ಗೊತ್ತಿದ್ದವರು ಲೈಟ್ ಆರಿಸಬೇಕು. ಲೈಟ್ ಗೊತ್ತಿದ್ದವರಿಗೆ ಗಿಡ ಏನು ಗೊತ್ತು?"

"ಹಂಗಾದರ ಇಬ್ಬರೂ ಒಂದೊಂದು ತರ್ರಿ," ಎಂದರು ನೀಲವ್ವ.

ಇಬ್ಬರೂ ಒಂದೇ ಜೀಪಿನಲ್ಲಿ ಪೇಟೆಗೆ ಇಳಿದರು. ಹೋಗುವಾಗ ಬರುವಾಗ ರುದ್ರವ್ವ ಕಿಟಕಿಯ ಹೊರಗೇ ನೋಡಿದಳು. ಫಕೀರಪ್ಪ ಎರಡು ಸಲ ಶೇಂಗಾ ಕೊಡಲು ಬಂದ. ಎರಡು ಸಲವೂ ಅವಳಿಗೆ ಉಪವಾಸವಿತ್ತು.

ರುದ್ರವ್ವ ತಂದದ್ದು ನೇರಳೆ ಬಣ್ಣದ ಲೈಟು. ಪೆಟ್ಟಿಗೆಯ ಮೇಲೆ ಹಸಿರು ಗಿಡದ ಚಿತ್ರವಿತ್ತು. ಗಿಡಕ್ಕೆಂದೇ ಮಾಡಿದ್ದೆಂದು ಅಂಗಡಿಯವನು ಆಣೆ ಹಾಕಿದ್ದ.

ಫಕೀರಪ್ಪ ತಂದದ್ದು ಒಂದು ಅಗಲವಾದ ಬಿಳಿ ಎಲ್‌ಇಡಿ. ಅದರ ಪೆಟ್ಟಿಗೆಯ ಮೇಲೆ ಏನೂ ಇರಲಿಲ್ಲ.

ಮೊದಲು ರುದ್ರವ್ವನ ಲೈಟು ಹಚ್ಚಿದರು. ಕೋಣೆ, ಗಿಡ, ಗೋಡೆ, ಗುರುವಿನ ಮುಖ, ಎಲ್ಲ ನೇರಳೆಯಾಯಿತು.

"ಅಯ್ಯಯ್ಯೋ," ಎಂದ ಫಕೀರಪ್ಪ. "ಅಕ್ಕಾರ, ಇದನ್ನ ನಾವು ಯಮಧರ್ಮ ರಂಗಕ್ಕ ಬರೋವಾಗ ಹಾಕ್ತಿದ್ವಿ."

"ಯಮನ ಮುಂದ ನೀವ ನಿಂತೀರಿ, ಸರೀರಿ ಅತ್ಲಾಗ," ಎಂದಳು ರುದ್ರವ್ವ.

ನೀಲವ್ವ ವೀಳ್ಯದೆಲೆಯೊಂದನ್ನು ಹಿಡಿದು ಕೇಳಿದರು, "ರುದ್ರವ್ವಾ, ಈ ಎಲಿ ಹಸಿರು ಐತೋ, ಹಳದಿ ಆಗೈತೋ?"

ರುದ್ರವ್ವ ಬಗ್ಗಿ ನೋಡಿದಳು. ಆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಂಡಿತು. ಪಕ್ಕದ ಎಲೆಯೂ ಕಪ್ಪು.

"ತಿಳೀವಲ್ಲದು ಅವ್ವಾ."

ಬಿಳಿ ಲೈಟು ಹಚ್ಚಿದರು. ಎಲೆಯ ತುದಿಯಲ್ಲಿ ಹಳದಿ ಇತ್ತು. ಅಡಿಯಲ್ಲಿ ಸಣ್ಣ ಹುಳವೂ ಇತ್ತು.

"ಆದರ ನನ್ನ ಲೈಟಿನಾಗೂ ಗಿಡ ಬೆಳೀತಾವ ಅವ್ವಾ! ಅಂಗಡ್ಯಾಂವ ಹೇಳ್ಯಾನ."

"ಬೆಳೀತಾವ ಮಗಳ. ಗಿಡಕ್ಕ ಎರಡೂ ಆದೀತು. ಗಿಡ ನೋಡಬೇಕಾದಾಕಿ ನೀನು."

ರುದ್ರವ್ವ ನೇರಳೆ ಲೈಟನ್ನು ಪೆಟ್ಟಿಗೆಗೆ ತುಂಬಿದಳು. ಗುರು ಹೇಳಿದ್ದು ಅವಳ ಕಿವಿಗೆ ಒಂದೇ ರೀತಿ ಕೇಳಿಸಿತ್ತು: ಅವನದು ಗೆದ್ದಿತು.

*

ಫಕೀರಪ್ಪ ತೊಲೆಗೆ ಒಂದು ಸಣ್ಣ ರಾಟೆ ಹೊಡೆದ. ನಾಟಕದ ಪರದೆ ಎಳೆಯುವ ಹಾಗೆ ಹಗ್ಗ ಹಾಕಿ ಲೈಟನ್ನು ತೂಗುಬಿಟ್ಟ. ಎಳೆದರೆ ಏರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಗೋಡೆಯ ಮೊಳೆಗೆ ಒಂದು ವಿಚಿತ್ರ ಗಂಟು ಹಾಕಿ ಬಿಗಿದ.

"ಅಕ್ಕಾರ, ಎಲಿ ಮ್ಯಾಲ ಕೈ ಹಿಡೀರಿ."

"ಯಾಕ?"

"ಹಿಡೀರಿ ಅಂದ್ನಿ. ನಾ ಏನು ಕೈ ಕೇಳಾಕ ಬಂದಿಲ್ಲ."

ಉಳಿದ ಶಿಷ್ಯರು ನಕ್ಕರು. ರುದ್ರವ್ವ ಸಿಡುಕುತ್ತ ಎಲೆಯಿಂದ ಒಂದು ಗೇಣು ಮೇಲೆ ಕೈ ಹಿಡಿದಳು.

"ನೆರಳಿನ ಅಂಚು ನೋಡ್ರಿ. ಬೆರಳು ಬೆರಳು ಬ್ಯಾರೆ ಕಾಣ್ತಾವಿಲ್ಲೋ? ಇದು ಸೀತಾಳಿ ಜಾಗ. ಈಗ ಬಣ್ಣದ ಕೆಸುವಿನ ಮ್ಯಾಲ ಹಿಡೀರಿ. ಅಂಚು ಮಸುಕು ಐತಿ. ಅದಕ್ಕ ಅಷ್ಟ ಸಾಕು. ಮೂಲ್ಯಾಗ ನೆರಳ ಬೀಳವಲ್ಲದು, ಅಲ್ಲಿ ಯಾವ ಗಿಡಾನೂ ಬ್ಯಾಡ."

ಹೀಗೆ ಅವನು ಜಾಗ ಹಂಚಿದ. ಸೀತಾಳೆಗೂ ಆಂಥೂರಿಯಂಗೂ ಲೈಟಿನಿಂದ ಒಂದು ಮೊಳ. ವೀಳ್ಯದೆಲೆಗೆ ಒಂದೂವರೆ. ಕೆಸುವಿಗೆ ಎರಡು. ಮನಿಪ್ಲಾಂಟಿಗೆ ಅದಕ್ಕೂ ಆಚೆ.

"ಬೆಳಿಗ್ಗೆ ಗಂಟಿ ಹೊಡೆದಾಗ ಹಚ್ಚರಿ, ಸಂಜೀ ಆರತಿಗೆ ಆರಿಸ್ರಿ. ಪರದಿ ಬಿದ್ದ ಮ್ಯಾಲ ನಟರಿಗೂ ನಿದ್ದಿ ಬೇಕು."

"ನನ್ನ ಮನಿಪ್ಲಾಂಟನ್ನ ಅಷ್ಟು ದೂರ ಯಾಕ ದೂಡಿದ್ರಿ? ಅದೇನು ಪಾಪ ಮಾಡೈತಿ?"

"ಪಾಪ ಅಲ್ರೀ ಅಕ್ಕಾರ. ಅದಕ್ಕ ಅಲ್ಲೇ ಚಲೋ."

ಈ ಉತ್ತರ ರುದ್ರವ್ವನಿಗೆ ಸರಿಬರಲಿಲ್ಲ. ಆ ಆಶ್ರಮದಲ್ಲಿ ದೂರ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸಂಜೆಯ ಪಾಠಕ್ಕೆ ಶಿಷ್ಯರು ಚಾಪೆ ಹಾಸುವ ಒಂದು ಪದ್ಧತಿ ಇತ್ತು. ಮೊದಲು ಬಂದವರು ಗುರುವಿಗೆ ಒಂದು ಮೊಳ ದೂರದಲ್ಲಿ, ಆಮೇಲೆ ಬಂದವರು ಎರಡು ಮೊಳ, ಹೀಗೆ. ಹೊಸಬರು ಬಾಗಿಲ ಬಳಿ. ಯಾರು ಹೇಳಿ ಮಾಡಿದ್ದೋ ಗೊತ್ತಿಲ್ಲ. ನೀಲವ್ವ ಹೇಳಿದ್ದಂತೂ ಅಲ್ಲ. ಆದರೂ ಹನ್ನೆರಡು ವರ್ಷ ರುದ್ರವ್ವನ ಚಾಪೆ ಮೊದಲ ಜಾಗದಿಂದ ಕದಲಿರಲಿಲ್ಲ. ಜ್ವರ ಬಂದರೂ ಅವಳು ಅಲ್ಲಿ ಬಂದು ಕೂರುತ್ತಿದ್ದಳು.

ಒಂದು ಸಂಜೆ ನೀಲವ್ವ ಬಾಗಿಲ ಕಡೆ ನೋಡಿ ಕರೆದರು, "ಫಕೀರಪ್ಪಾ, ಇಲ್ಲಿ ಬಾ. ಇಲ್ಲಿ, ನನ್ನ ಬಲಗಡೆ ಕೂಡ್ರು."

ಅವನು ಚಾಪೆ ಸುತ್ತಿಕೊಂಡು ಬಂದ.

"ರುದ್ರವ್ವಾ, ಸ್ವಲ್ಪ ಜಾಗ ಕೊಡು."

ರುದ್ರವ್ವ ಜಾಗ ಕೊಟ್ಟಳು. ಸ್ವಲ್ಪ ಅಲ್ಲ, ತನ್ನ ಚಾಪೆಯನ್ನು ಎಳೆದುಕೊಂಡು ಹೋಗಿ ಬಾಗಿಲ ಬಳಿ ಹಾಸಿದಳು. ಗುರು ಕರೆಯುತ್ತಾರೆ ಎಂದು ಕಾದಳು.

ನೀಲವ್ವ ಪಾಠ ಶುರುಮಾಡಿದರು.

*

ಚಳಿಗಾಲ ಕಳೆಯಿತು. ಆ ವರ್ಷ ಒಂದು ಗಿಡವೂ ಸಾಯಲಿಲ್ಲ. ವೀಳ್ಯದೆಲೆ ಬಳ್ಳಿ ತೊಲೆ ಮುಟ್ಟಿತು. ಎಲ್ಲಕ್ಕಿಂತ ದೂರ ದೂಡಿದ ಮನಿಪ್ಲಾಂಟ್ ಕೂಡ ಅಂಗೈಯಗಲ ಎಲೆ ಬಿಟ್ಟಿತು.

ಫಾಲ್ಗುಣದ ಒಂದು ಬೆಳಿಗ್ಗೆ, ಸೀತಾಳೆಯ ಎಲೆಗಳ ಸಂದಿನಲ್ಲಿ ಅಕ್ಕಿ ಕಾಳಿನಷ್ಟು ಹಸಿರು ಕಂಡಿತು. ಹೂದಂಡೆಯ ಮೊಳಕೆ.

ಅದನ್ನು ಮೊದಲು ಕಂಡವಳು ರುದ್ರವ್ವ. ಮಂಡಿಯೂರಿ ಕೈ ಮುಗಿದಳು.

ಸುದ್ದಿ ಕೇಳಿ ಎಲ್ಲರೂ ಬಂದರು.

"ಏನ ಅನ್ನು, ಫಕೀರಪ್ಪನ ಲೈಟು ಲೈಟ!" ಎಂದ ಒಬ್ಬ.

"ಆರು ವರ್ಷ ಆಗದ್ದು ಐದು ತಿಂಗಳಾಗ ಆತು ನೋಡ್ರಿ," ಎಂದ ಇನ್ನೊಬ್ಬ.

ಆರು ವರ್ಷ ಆ ಗಿಡದ ಬೇರಿಗೆ ದಿನಕ್ಕೆರಡು ಸಲ ನೀರು ಚಿಮುಕಿಸಿದವಳು ಅಲ್ಲೇ ನಿಂತಿದ್ದಳು. ಯಾರೂ ಅವಳ ಕಡೆ ತಿರುಗಲಿಲ್ಲ.

ನೀಲವ್ವ ಕಣ್ಣು ಕಿರಿದು ಮಾಡಿ ಮೊಳಕೆಯನ್ನು ಹುಡುಕಿದರು. ಆಗಲೇ ಅವರಿಗೆ ಸಣ್ಣದು ಕಾಣುತ್ತಿರಲಿಲ್ಲ.

"ಅರಳಾಕ ಎಷ್ಟು ದಿನ ಬೇಕು?"

"ಎರಡು ತಿಂಗಳ್ರೀ ಅವ್ವಾರ," ಎಂದ ಫಕೀರಪ್ಪ.

"ಎರಡು ತಿಂಗಳು ನನ್ನ ಕಣ್ಣು ಕಾಯ್ತಾವೋ ಏನೋ," ಎಂದರು ನೀಲವ್ವ, ಬಸ್ಸಿನ ವೇಳೆ ಕೇಳುವವರಷ್ಟು ಸಲೀಸಾಗಿ.

*

ಮಾರನೆಯ ವಾರ ಫಕೀರಪ್ಪನ ತಂಗಿಯ ಮಗಳ ಮದುವೆ. ಹದಿನೈದು ದಿನ ಊರಿಗೆ ಹೊರಟ.

"ಅಕ್ಕಾರ, ಲೈಟು ಇದ್ದಂಗ ಇರಲಿ. ಒಂದು ಮೊಳ. ಮುಟ್ಟಾಕ ಹೋಗಬ್ಯಾಡ್ರಿ."

"ನನಗ ಹೇಳಾಕ ಬರಬ್ಯಾಡ್ರಿ. ನೀವು ಬರೋದಕ್ಕಿಂತ ಹನ್ನೆರಡು ವರ್ಷ ಮೊದಲಿಂದ ಗಿಡ ಇಲ್ಲೇ ಅದಾವ."

"ಹೌದ್ರೀ. ಪ್ರಾಂಪ್ಟರ್ ಕಡೆ ಬಾಗಿ."

ಅವನು ನಗುತ್ತ ಹೋದ. ರುದ್ರವ್ವ ಗಿಡದ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು.

ಅವಳು ಲೆಕ್ಕ ಹಾಕಿದಳು. ಅವನು ಬರುವುದರೊಳಗೆ ಅರಳಿದರೆ? ಅವನಿಲ್ಲದಾಗ, ತನ್ನ ಕೈಯಲ್ಲಿ, ಗುರುವಿನ ಕಣ್ಣು ಇನ್ನೂ ಇರುವಾಗ? ತಾನೇ ಕೈ ಹಿಡಿದು ಕರೆತಂದು, 'ನೋಡ್ರಿ ಅವ್ವಾ' ಎನ್ನಬಹುದು.

ಲೈಟು ಒಂದು ಮೊಳ ದೂರದಲ್ಲಿ ತೂಗುತ್ತಿತ್ತು. ದೂರವಿದ್ದು ಇಷ್ಟು ಕೊಟ್ಟದ್ದು, ಹತ್ತಿರ ಬಂದರೆ ಎಷ್ಟು ಕೊಡಲಿಕ್ಕಿಲ್ಲ? ಹತ್ತಿರ ಸೇರಿಸಿಕೊಂಡರೆ ಬೇಡ ಎನ್ನುವ ಜೀವ ಎಲ್ಲಾದರೂ ಉಂಟೇ?

ಆ ವಿಚಿತ್ರ ಗಂಟನ್ನು ಬಿಚ್ಚಿ ಲೈಟನ್ನು ಒಂದು ಗೇಣಿಗೆ ಇಳಿಸಿದಳು. ತನಗೆ ಗೊತ್ತಿದ್ದ ಗಂಟು ಹಾಕಿದಳು, ಹಸು ಕಟ್ಟುವ ಗಂಟು.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಮೊಳಕೆ ಅರ್ಧ ಬೆರಳು ಉದ್ದವಾದಂತೆ ಕಂಡಿತು. ಅವಳಿಗೆ ಹುರುಪು ಬಂತು. ನಾಲ್ಕು ಬೆರಳಿನಷ್ಟು ಹತ್ತಿರಕ್ಕೆ ಇಳಿಸಿದಳು. ಸಂಜೆ ಆರತಿಯ ಗಂಟೆ ಹೊಡೆದಾಗ ಆರಿಸಲೂ ಇಲ್ಲ.

ಎಂಟನೆಯ ದಿನ ಮೇಲಿನ ಎಲೆಗಳಲ್ಲಿ ಬಿಳಿಚಿದ ಮಚ್ಚೆ ಎದ್ದಿತು. 'ಹೊಸ ಬಣ್ಣ ಬರುತ್ತಿದೆ' ಎಂದುಕೊಂಡಳು.

ಹತ್ತನೆಯ ದಿನ ಮಚ್ಚೆ ಕಾಗದದಂತೆ ಒಣಗಿತು. ಮೊಳಕೆಯ ತುದಿ ಕಂದಾಯಿತು.

ಹನ್ನೊಂದನೆಯ ದಿನ ಅದು ಕಪ್ಪಾಗಿ, ಬೆರಳು ತಾಕಿಸಿದರೆ ಉದುರಿತು.

ರುದ್ರವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಆಮೇಲೆ ಕೋಣೆಗೆ ಬೀಗ ಹಾಕಿ, ಕೇಳಿದವರಿಗೆ, "ಹುಳದ ಔಷಧ ಹೊಡೆದೀನಿ, ನಾಲ್ಕು ದಿನ ಯಾರೂ ಹೋಗಬ್ಯಾಡ್ರಿ," ಎಂದಳು.

*

ಫಕೀರಪ್ಪ ಮದುವೆಯ ಬುಂದಿ ಲಾಡು ತೆಗೆದುಕೊಂಡು ಬಂದ. ಮೊದಲ ಲಾಡು ರುದ್ರವ್ವನಿಗೆ ಕೊಟ್ಟ. ಅವಳು ಬೀಗದ ಕೈಯನ್ನು ಅವನ ಅಂಗೈಗೆ ಹಾಕಿ, ಮಾತಾಡದೆ ಹೊರಟುಹೋದಳು.

ಅವನು ಗಿಡ ನೋಡಿದ. ಹಗ್ಗ ನೋಡಿದ. ಮೊಳೆಯ ಮೇಲಿನ ಗಂಟನ್ನೂ ನೋಡಿದ.

ಸ್ವಲ್ಪ ಹೊತ್ತಿನಲ್ಲಿ ಆಶ್ರಮದವರೆಲ್ಲ ಕೋಣೆಯಲ್ಲಿ ಸೇರಿದರು. ನೀಲವ್ವ ಗೋಡೆ ಹಿಡಿದು ಬಂದರು. ರುದ್ರವ್ವ ಎಲ್ಲರ ಹಿಂದೆ ನಿಂತಳು. ಮೊಳೆಯ ಮೇಲೆ ಈಗ ಮತ್ತೆ ನಾಟಕದವನ ಗಂಟು ಇತ್ತು.

"ಏನಾತು ಯಪ್ಪಾ?" ಎಂದರು ನೀಲವ್ವ.

ಫಕೀರಪ್ಪ ತಲೆ ತಗ್ಗಿಸಿದ. "ನನ್ನ ತಪ್ಪು ಅವ್ವಾರ. ಹೋಗೋ ಅವಸರದಾಗ ಗಂಟು ಸಡಿಲ ಕಟ್ಟಿದ್ನಿ. ಲೈಟು ಜಾರಿ ಕೆಳಗ ಬಂದೈತಿ. ಗಿಡ ಸುಟ್ಟೈತಿ. ಅಕ್ಕಾರು ಬಾಳ ಜ್ವಾಕಿ ಮಾಡಿದ್ರು. ಅವರದೇನೂ ತಪ್ಪಿಲ್ಲ."

ಯಾರೂ ಬಯ್ಯಲಿಲ್ಲ. "ಹೋಗ್ಲಿ ಬಿಡೋ ಮಾರಾಯ," ಎಂದು ಒಬ್ಬ ಅವನ ಹೆಗಲ ಮೇಲೆ ಕೈ ಇಟ್ಟ. ಇನ್ನೊಬ್ಬ, "ಎಂಥಾ ಮನಸ್ಸು ನೋಡು," ಎಂದು ಪಿಸುಗುಟ್ಟಿದ.

ರುದ್ರವ್ವ ಎದುರಿಗಿದ್ದವರನ್ನು ಸರಿಸಿ ಮುಂದೆ ಬಂದಳು. ಹೂ ಅವನದಾಗಿತ್ತು. ಗುರುವಿನ ನಗು ಅವನದು, ಬಲಗಡೆಯ ಜಾಗ ಅವನದು. ಈಗ ಇದೂ ಅವನದೇ!

"ಸುಳ್ಳು!" ಎಂದು ಕಿರುಚಿದಳು. "ಅದು ನಂದು! ನಾನ ಇಳಿಸಿದ್ನಿ! ನಾಲ್ಕು ಬೆರಳಿಗೆ ಇಳಿಸಿದ್ನಿ, ನಾಲ್ಕು ಬೆರಳಿಗೆ! ಇದರಾಗೂ ನೀವು ದೊಡ್ಡಾಂವ ಆಗಬೇಕೇನು? ನನ್ನ ತಪ್ಪನ್ನಾದರೂ ನನಗ ಬಿಡ್ರಿ!"

ಎಲ್ಲರೂ ಅವಳ ಕಡೆ ತಿರುಗಿದರು.

ಫಕೀರಪ್ಪ ಕಿವಿಯ ಹಿಂದೆ ಕೈ ಇಟ್ಟು ಪಕ್ಕದವನನ್ನು ಕೇಳಿದ, "ಏನಂದ್ರು?"

ನೀಲವ್ವ ಉಳಿದವರನ್ನೆಲ್ಲ ಹೊರಗೆ ಕಳಿಸಿದರು. ಗೋಡೆಗೆ ಒರಗಿ ಕೂತರು.

"ಯಾಕ ಇಳಿಸಿದಿ?"

"ಬೇಗ ಅರಳಲಿ ಅಂತ. ನಿಮ್ಮ ಕಣ್ಣು..."

"ಅಷ್ಟೇನು?"

ರುದ್ರವ್ವ ತುಟಿ ಕಚ್ಚಿಕೊಂಡಳು. "ಅಷ್ಟಲ್ಲ. ಅಂವ ಇಲ್ಲದಾಗ ಅರಳಲಿ ಅಂತ."

"ಹೂಂ."

"ಅವ್ವಾ, ಒಂದು ಕೇಳ್ತೀನಿ, ಖರೇ ಹೇಳ್ರಿ. ನಿಮಗ ಅಂವ ಹೆಚ್ಚೋ, ನಾ ಹೆಚ್ಚೋ?"

"ಇದನ್ನ ಎಂದಿನಿಂದ ಕೇಳಬೇಕಂತಿದ್ದಿ?"

"ಅವನ್ನ ನಿಮ್ಮ ಬಲಕ್ಕ ಕೂಡ್ರಿಸಿಕೊಂಡ ದಿನದಿಂದ."

ನೀಲವ್ವ ನಿಟ್ಟುಸಿರಿಟ್ಟರು. "ಇಪ್ಪತ್ತೈದು ವರ್ಷ ಜನರೇಟರ್ ಪಕ್ಕ ಕೂತು ಅವನ ಎಡಗಿವಿ ಹೋಗೈತಿ, ರುದ್ರವ್ವಾ. ಬಲಗಿವೀನೂ ಅರ್ಧ. ಬಾಗಿಲದಾಗ ಕೂತರ ಅವನಿಗೆ ನನ್ನ ಮಾತು ಒಂದೂ ಮುಟ್ಟತಿರಲಿಲ್ಲ. ನಾಚಿಕೀಲೆ ಅಂವ ಹೇಳಲಿಲ್ಲ. ನಾನೂ ಎಲ್ಲರ ಮುಂದ ಹೇಳಲಿಲ್ಲ."

ರುದ್ರವ್ವ ಕಣ್ಣು ಮಿಟುಕಿಸಿದಳು.

"ನೀ ಬಾಗಿಲದಾಗ ಕೂತು ಕೇಳಿದೀ. ಒಂದು ಮಾತಾದರೂ ತಪ್ಪಿತೇನು?"

"ಇಲ್ಲ."

"ಅಂದಮ್ಯಾಲ?"

"ಕೇಳಿಸ್ತಿತ್ತು ಅವ್ವಾ. ಆದರ ಸುಡ್ತಿತ್ತು."



ರುದ್ರವ್ವ ಸೆರಗಿನ ತುದಿಯಿಂದ ಕಪ್ಪಾದ ಮೊಳಕೆಯನ್ನು ಬಿಚ್ಚಿ ಗುರುವಿನ ಅಂಗೈಗೆ ಹಾಕಿದಳು. "ನನ್ನನ್ನ ಈ ಕೋಣಿಯಿಂದ ತೆಗೀರಿ. ಹೂವಿನ ಕೊಲಿ ಮಾಡಿದಾಕಿ ನಾನು. ಕೀಲಿ ಅವನಿಗೇ ಇರಲಿ."

"ಲೈಟು ಈಗ ಎಲ್ಲಿ ಐತಿ?"

"ಅಂವ ಮ್ಯಾಲ ಎಳೆದು ಕಟ್ಟ್ಯಾನ. ಬಾಳ ಮ್ಯಾಲ."

"ನೀ ಇಳಿಸು."

"ನಾನಾ?"

"ಎಷ್ಟು ಆದರ ಕಡಿಮಿ ಅನ್ನೋದು ಫಕೀರಪ್ಪಗ ಗೊತ್ತು. ಎಷ್ಟು ಆದರ ಸುಡ್ತೈತಿ ಅನ್ನೋದು ಇಲ್ಲಿ ನಿನಗೊಬ್ಬಾಕಿಗೆ ಗೊತ್ತು. ಏಳು, ಹಗ್ಗ ಹಿಡಿ."

ರುದ್ರವ್ವ ಎದ್ದು ಹಗ್ಗ ಹಿಡಿದಳು. ಒಂದು ಕೈ ಎಲೆಯ ಮೇಲೆ ಚಾಚಿ, ಇನ್ನೊಂದರಿಂದ ಹಗ್ಗ ಬಿಡುತ್ತ ಬಂದಳು. ನೆರಳಿನಲ್ಲಿ ಬೆರಳುಗಳು ಒಂದೊಂದಾಗಿ ಬೇರೆಯಾದವು. ಅಲ್ಲಿ ನಿಲ್ಲಿಸಿದಳು.

ಗಂಟು ಹಾಕಲು ಬರಲಿಲ್ಲ. ಬಾಗಿಲು ತೆರೆದು ಕೂಗಿದಳು, ಎಂದಿಗಿಂತ ಜೋರಾಗಿ, "ಫಕೀರಪ್ಪಣ್ಣಾ! ನಿಮ್ಮ ಆ ದರಿದ್ರ ಗಂಟು ಹ್ಯಾಂಗ ಹಾಕೋದು ಬಂದು ತೋರಸ್ರಿ!"

*

ಆ ವರ್ಷ ಹೂ ಬಿಡಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನೀಲವ್ವನ ಕಣ್ಣು ಹೋಯಿತು. ವೈದ್ಯರು ಹೇಳಿದಂತೆಯೇ ಬೆಳಕು ಮತ್ತು ಕತ್ತಲು ಮಾತ್ರ ಉಳಿದವು.

ರುದ್ರವ್ವ ಗಿಡದ ಸುಟ್ಟ ಎಲೆಗಳನ್ನು ಕತ್ತರಿಸಲಿಲ್ಲ. ಅರ್ಧ ಹಸಿರು ಉಳಿದಿರುವ ಎಲೆ ಅರ್ಧ ಅನ್ನವನ್ನಾದರೂ ಬೇಯಿಸೀತು ಎಂದು ಬಿಟ್ಟಳು. ಮತ್ತೊಂದು ಚಳಿಗಾಲ ಬಂತು. ಬೆಳಗಿನ ಗಂಟೆಗೆ ಹಚ್ಚಿದಳು, ಆರತಿಗೆ ಆರಿಸಿದಳು. ಹೊಸ ಎಲೆ ಬಂದಂತೆ ಬೆರಳಿನಷ್ಟು ಬೆರಳಿನಷ್ಟೇ ಲೈಟನ್ನು ಏರಿಸಿದಳು.

"ಅಕ್ಕಾರ ಕೈ ತಕ್ಕಡಿ ಇದ್ದಂಗ," ಎಂದ ಫಕೀರಪ್ಪ ಒಮ್ಮೆ.

ಅವಳಿಗೆ ಸಂತೋಷವಾಯಿತು. ಅವನ ಮಾತಿಗೆ ಸಂತೋಷವಾಯಿತಲ್ಲ ಎಂದು ಸಿಟ್ಟೂ ಬಂತು.

ಸಂಜೆಯ ಪಾಠದಲ್ಲಿ ಅವನು ಬಲಕ್ಕೆ, ಅವಳು ಎಡಕ್ಕೆ ಕೂರುತ್ತಿದ್ದರು. ಇಬ್ಬರ ಚಾಪೆಯನ್ನೂ ಅವಳೇ ಹಾಸುತ್ತಿದ್ದಳು. ಹಾಸುವಾಗ, ಯಾರೂ ನೋಡದಿದ್ದರೆ, ತನ್ನದನ್ನು ಎರಡು ಬೆರಳು ಮುಂದೆ ಎಳೆಯುತ್ತಿದ್ದಳು. ಕೆಲವು ದಿನ ಹಿಂದಕ್ಕೂ ತಳ್ಳುತ್ತಿದ್ದಳು.

ವೈಶಾಖದಲ್ಲಿ ಸೀತಾಳೆ ಅರಳಿತು.

ಒಂದು ಮೊಳ ಉದ್ದದ ದಂಡೆ, ನೆಲದ ಕಡೆ ಇಳಿಬಿದ್ದಿತ್ತು. ಇಬ್ಬರೂ ನೀಲವ್ವನನ್ನು ಆ ಕಡೆ ಈ ಕಡೆ ಹಿಡಿದು ಕರೆತಂದು, ಗಿಡದ ಎದುರಿಗೆ ಮಣೆ ಹಾಕಿ ಕೂರಿಸಿದರು. ಲೈಟು ಉರಿಯುತ್ತಿತ್ತು.

"ಹೂ ಎಲ್ಲಿ ಐತಿ?"

"ನಿಮ್ಮ ಮುಂದ ಐತಿ ಅವ್ವಾ," ಎಂದಳು ರುದ್ರವ್ವ.

"ಹ್ಯಾಂಗ ಐತಿ? ಇಬ್ಬರೂ ಹೇಳ್ರಿ."

ಫಕೀರಪ್ಪ ಗಂಟಲು ಸರಿಮಾಡಿಕೊಂಡ. "ಅವ್ವಾರ, ರಾಣಿ ಪಾರ್ಟಿನಾಕಿ ಜಡೀಗೆ ಕಟ್ಟೋ ಕುಚ್ಚು ನೋಡ್ರಿ, ಹಂಗ. ಬೆಳ್ಳಗ, ಮ್ಯಾಲ ಜಾಂಬಳಿ ಚುಕ್ಕಿ."

"ಜಾಂಬಳಿ ಅಲ್ಲ!" ಎಂದಳು ರುದ್ರವ್ವ. "ಕಣ್ಣು ಎಲ್ಲಿ ಅದಾವ ನಿಮಗ? ಗುಲಾಬಿ. ಅವ್ವಾ, ಹಸುಗೂಸಿನ ಉಗುರು ಇರ್ತಾವಲ್ಲ, ಒಂದೊಂದು ಹೂ ಅಷ್ಟ. ಒತ್ತೊತ್ತಾಗಿ. ಕೆಳಗಿನ ನಾಲ್ಕು ಇನ್ನೂ ಮೊಗ್ಗು. ಒಂದು ಇರಿವಿ ಹತ್ತಾಕತ್ತೈತಿ."

"ಇರಿವಿ ಎಲ್ಲೈತ್ರಿ?" ಎಂದ ಫಕೀರಪ್ಪ.

"ಮೂರನೇ ಸಾಲಿನಾಗ. ನೋಡಾಕ ಬರಬೇಕು."

ನೀಲವ್ವ ಕೇಳುತ್ತಿದ್ದರು. ಮುಖವೆಲ್ಲ ಅರಳಿತ್ತು. ಕಾಣದ ಕಣ್ಣುಗಳು ತುಂಬಿ ಬಂದಿದ್ದವು. ಅವರು ಮುಂದಕ್ಕೆ ಬಾಗಿ, ಬೆಳಕಿಗೆ ಮುಖ ಒಡ್ಡಿ, ಉಸಿರೆಳೆದುಕೊಂಡರು. ವಾಸನೆ ಸಿಕ್ಕಿತು.

"ಊರು," ಎಂದರು.



ರುದ್ರವ್ವನಿಗೆ ತಡೆಯಲಾಗಲಿಲ್ಲ. ತಡೆಯಬೇಕೆಂದು ಒಂದು ಸಲ ಉಸಿರು ಹಿಡಿದಳು, ಎರಡು ಸಲ ಹಿಡಿದಳು. ಕಡೆಗೆ ಮಂಡಿಯ ಮೇಲೆ ಮುಂದೆ ಸರಿದು, ಲೈಟಿಗೆ ಅಡ್ಡವಾಗಿ ಗುರುವಿನ ಮುಖಕ್ಕೆ ಮುಖ ತಂದು, ಫಕೀರಪ್ಪನ ಅರೆಗಿವಿಗೆ ಬೀಳದಂತೆ ಮೆಲ್ಲಗೆ ಕೇಳಿದಳು:

"ಅವ್ವಾ, ಇಬ್ಬರೂ ಹೇಳಿದ್ವಿ. ಯಾರು ಹೇಳಿದ್ದರಾಗ ಹೂ ಚಂದ ಕಾಣ್ತು?"

ನೀಲವ್ವ ಕೈ ಚಾಚಿ ಅವಳ ಕೆನ್ನೆ ಸವರಿದರು.

"ಸ್ವಲ್ಪ ಸರಿ, ಮಗಳ. ಈಗಿನತನಕ ಬೆಳಕಿತ್ತು."